ಬಸ್ಸಿನಲ್ಲಿ ಹೋಗದ ಕ್ಯಾಪ್ಸೂಲು

ನನ್ನ ಹೆಂಡತಿಗೆ ಜ್ವರ ಬಂದ ವಿಷಯ ನನಗಿಂತ ಮೊದಲು ಬಸ್ಸಿನ ಕಂಡಕ್ಟರಿಗೆ ಗೊತ್ತಾಯಿತು.

ಕಳೆದ ವಾರ ಚಾರ್ಮಾಡಿಯಿಂದ ಬಂದ ಬಸ್ಸು ಬಂಟ್ವಾಳದಲ್ಲಿ ನಿಂತಾಗ ಆತ ಇಳಿದು ಬಂದು ಹೇಳಿದ: “ನಿಮ್ಮ ಮಾವ ಸಿಕ್ಕಿದ್ರು. ಅಕ್ಕನಿಗೆ ಜ್ವರವಂತೆ. ಆ ಹೊಸ ಕ್ಯಾಪ್ಸೂಲು ಕಳಿಸ್ಬೇಕಂತೆ. ಸಂಜೆಯ ಟ್ರಿಪ್ಪಿಗೆ ಕೊಟ್ರೆ ಮುಟ್ಟಿಸ್ತೇನೆ.”

ಅವಳು ಹೆರಿಗೆಗೆಂದು ಚಾರ್ಮಾಡಿಯ ತವರಿಗೆ ಹೋದವಳು. ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ನೋಡಿದ್ದು. ಆಮೇಲೆ ನನಗೆ ರಜೆ ಸಿಕ್ಕಿಲ್ಲ. (ಕೇಳಿದ್ದೆಯಾ ಎಂದು ದಯವಿಟ್ಟು ಕೇಳಬೇಡಿ.) ಹಾಗೆಂದು ನನಗೆ ಬೇಸರವಿಲ್ಲ ಎಂದುಕೊಳ್ಳಬೇಡಿ. ಬೆಳಿಗ್ಗೆ ಬೀಗ ಹಾಕುವ ಮೊದಲು ಖಾಲಿ ಮನೆಗೆ “ಹೋಗಿ ಬರ್ತೇನೆ” ಎನ್ನುವವನು ನಾನು.

ನಮ್ಮ ಕಡೆ ಮದ್ದು ಬಸ್ಸಿನಲ್ಲಿ ಹೋಗುವುದು ಹೊಸದಲ್ಲ. ಹಳ್ಳಿಯ ಖಾಲಿ ಬಾಟ್ಲಿಗಳು ಬೆಳಗಿನ ಬಸ್ಸಿನಲ್ಲಿ ಬರುತ್ತವೆ, ಮಿಕ್ಸ್ಚರ್ ತುಂಬಿಕೊಂಡು ಸಂಜೆಯ ಬಸ್ಸಿನಲ್ಲಿ ಹೋಗುತ್ತವೆ. ರೋಗಿ ಮನೆಯಲ್ಲೇ. ರೋಗ ಏನೆಂದು ಡಾಕ್ಟರಿಗೆ ಹೇಳುವವನು ಕಂಡಕ್ಟರ್! ಮಿಕ್ಸ್ಚರಿನ ಕಾಲಕ್ಕೆ ಅದು ನಡೆಯಿತು. ಈಗ ಎರಡು ಬಣ್ಣದ ಕ್ಯಾಪ್ಸೂಲು ಬಂದಿದೆ; ಯಾವ ಜ್ವರಕ್ಕೂ ಜನ ಅದನ್ನೇ ಕೇಳುತ್ತಾರೆ. ಮೂಡಬಿದ್ರೆಯ ನನ್ನ ಭಾವನಂತೂ ಜ್ವರ ಬಿಟ್ಟ ಕೂಡಲೇ ನುಂಗುವುದು ನಿಲ್ಲಿಸಿ, ಉಳಿದದ್ದನ್ನು ಡಬ್ಬಿಯಲ್ಲಿಟ್ಟು, ಸೀನಿದ ನೆಂಟರಿಗೆಲ್ಲ ಉಪಚಾರ ಮಾಡುತ್ತಾನೆ.

ನಾನು ಆಸ್ಪತ್ರೆಗೆ ಓಡಿದೆ. ಡಾಕ್ಟರು ಪೆನ್ನು ಮುಟ್ಟಲೇ ಇಲ್ಲ.

“ಜ್ವರ ದಿನಾ ಬರ್ತದಾ, ದಿನ ಬಿಟ್ಟು ದಿನವಾ?”

ಗೊತ್ತಿಲ್ಲ.

“ನಡುಕ ಉಂಟಾ? ಎದೆಹಾಲು ಕೊಡುವವರಲ್ಲವಾ, ಎದೆ ಗಟ್ಟಿಯಾಗಿ ನೋವುಂಟಾ?”

ಗೊತ್ತಿಲ್ಲ, ಗೊತ್ತಿಲ್ಲ.

“ಮತ್ತೆ ನಿಮಗೆ ಗೊತ್ತಿರುವುದೇನು ಮಾರಾಯ್ರೆ?”

“ಕ್ಯಾಪ್ಸೂಲಿನ ಹೆಸರು,” ಎಂದೆ.

ಅವರು ನಗಲಿಲ್ಲ. “ಅದು ಆ್ಯಂಟಿಬಯೋಟಿಕ್. ರೋಗಿಯನ್ನು ನೋಡದೆ ನಾನು ಕೊಡುವುದಿಲ್ಲ. ಎಲ್ಲ ಜ್ವರಕ್ಕೂ ಅದು ಆಗುವುದಿಲ್ಲ. ಬೇಡದವರಿಗೆಲ್ಲ ಕೊಟ್ರೆ ನಾಳೆ ಬೇಕಾದವರಿಗೆ ಹಿಡಿಯುವುದಿಲ್ಲ. ಇವತ್ತೇ ಹೊರಡಿ. ಬೆಳ್ತಂಗಡಿ ಆಸ್ಪತ್ರೆಗಾದ್ರೂ ಕರ್ಕೊಂಡು ಹೋಗಿ ತೋರಿಸಿ.”

ಎಂಥ ಮನುಷ್ಯ! ಒಂದು ಚೀಟಿ ಬರೆದರೆ ಇವರ ಗಂಟು ಹೋಗುತ್ತದೆಯೇ? ಗೊಣಗುತ್ತಲೇ ಸಂಜೆಯ ಬಸ್ಸು ಹತ್ತಿದೆ. ಮುಂಡಾಜೆ ದಾಟುವಾಗ ಸಿಟ್ಟು ಹೋಗಿ ಹೆದರಿಕೆ ಶುರುವಾಯಿತು. ಅವಳ ಮುಖ ನೆನಪಿಸಿಕೊಳ್ಳಲು ನೋಡಿದೆ. ಬಂದದ್ದು ಮದುವೆಯ ಫೋಟೋದ ಮುಖ. ದಿನಾ ನನ್ನೆದುರು ಓಡಾಡುತ್ತಿದ್ದ ಮುಖ ಎಲ್ಲಿ ಹೋಯಿತು? ಅದನ್ನು ಒಮ್ಮೆ ನೋಡಿದರೆ ಸಾಕೆನಿಸಿಬಿಟ್ಟಿತು.

ಅವಳು ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದಳು. ಮರುದಿನ ಬೆಳ್ತಂಗಡಿಯಲ್ಲಿ ಬೆರಳು ಚುಚ್ಚಿ ರಕ್ತ ತೆಗೆದು ನೋಡಿದರು. ಮಲೇರಿಯಾ! ಅದರ ಗುಳಿಗೆಯೇ ಬೇರೆ. ನಾನು ಕ್ಯಾಪ್ಸೂಲು ಕಳಿಸಿದ್ದರೆ ಅವಳು ನಂಬಿಕೆಯಿಂದ ನುಂಗುತ್ತ, ನಡುಗುತ್ತಲೇ ಇರುತ್ತಿದ್ದಳು.

ಆಸ್ಪತ್ರೆಗೆ ಹೋಗಿ ನಾವೆಲ್ಲ ಕೇಳುವುದೇನು? ಮದ್ದು. ಜೋರಿನದು, ಬೇಗ. ಸ್ವಲ್ಪ ಸರಿಯಾಗಿ ನೋಡಿ ಡಾಕ್ಟರೇ ಎಂದು ಕೇಳುವವರು ಯಾರಿದ್ದಾರೆ?

ಜ್ವರ ಬಿಟ್ಟ ಮೇಲೆ ನಾನು ಹೊರಟೆ. ಮಗು ನನ್ನ ಬೆರಳು ಹಿಡಿದುಕೊಂಡಿತ್ತು. ಬಿಡಿಸಿಕೊಳ್ಳಲು ಮನಸ್ಸೇ ಬರಲಿಲ್ಲ. ಹೆಂಡತಿ ಮೆಲ್ಲಗೆ ಬಿಡಿಸಿದಳು. ನನ್ನ ಮುಖವನ್ನೇ ನೋಡುತ್ತ ಕೇಳಿದಳು:

“ಡಾಕ್ಟರು ಮದ್ದು ಕೊಟ್ಟಿದ್ರೆ ನೀವು ಬರ್ತಿರ್ಲಿಲ್ಲ, ಅಲ್ಲವಾ?”