ಚಕ್ರದ ಮೇಲಿನ ಕುಂಕುಮ, ಬಾಬಾ ಜಾನ್ ನುಂಗಿದ ಮಾತು

ಬಟವಾಡಿಯಲ್ಲಿ ಸೂರ್ಯ ಹುಟ್ಟುವುದು ಪೂರ್ವದಲ್ಲಲ್ಲ, ಬಾಬಾ ಜಾನ್ ಶೆಡ್ಡಿನಲ್ಲಿ. ನಂಬದವರು ಬೆಳಗಿನ ನಮಾಜು ಮುಗಿಯುವ ಹೊತ್ತಿಗೆ ಹೆದ್ದಾರಿ ಪಕ್ಕದ ಆ ತಗಡಿನ ಶೆಡ್ಡಿಗೆ ಬಂದು ನೋಡಲಿ. ಲೋಹ ಉಜ್ಜಿ ಹೊಳಪು ಕೊಡುವ ಬಫಿಂಗ್ ಮೋಟಾರು ಗುಂಯ್‌ಗುಟ್ಟುತ್ತಿದೆ. ಕುಣಿಗಲ್ ಕಡೆಯ ಜೀಪೊಂದರ ಕ್ರೋಮ್ ಚಕ್ರವನ್ನು ಬಾಬಾ ಜಾನ್ ಮಗುವಿನ ತಲೆ ತೊಳೆಯುವಂತೆ ನಿಧಾನಕ್ಕೆ ತಿರುಗಿಸುತ್ತಿದ್ದಾರೆ. ಅವರು ಉಜ್ಜಿ ಕೆಳಗಿಟ್ಟ ಚಕ್ರದಲ್ಲಿ ನಾನು ಮುಖ ನೋಡಿಕೊಂಡೆ. ನನ್ನ ಮದುವೆಯ ದಿನವೂ ಅಷ್ಟು ಲಕ್ಷಣವಾಗಿ ಕಂಡಿರಲಿಲ್ಲ. ರಸ್ತೆಯಲ್ಲಿ ಹೋಗುವ ಲಾರಿಯವರು ಆ ಬೆಳಕಿಗೆ ಕಣ್ಣು ಕುಕ್ಕಿ, ಡಿಮ್ ಮಾಡಿ ಅಂತ ಹಾರ್ನ್ ಹೊಡೆಯುತ್ತಾರೆ.

ಚಕ್ರ ಬಂದ ಕೂಡಲೇ ಅವರು ಮೋಟಾರು ಮುಟ್ಟುವುದಿಲ್ಲ. ಮೊದಲು ಹೆಬ್ಬೆರಳಿನ ಉಗುರನ್ನು ಕಲೆಯ ಮೇಲೆ ಎಳೆದು ನೋಡುತ್ತಾರೆ. "ಉಗುರು ಜಾರಿದ್ರೆ ಬರೀ ತುಕ್ಕು ಸಾರ್. ಸಿಕ್ಕಾಕ್ಕೊಂಡ್ರೆ ಗುಳಿ." ಬರೀ ತುಕ್ಕಾದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನು ನೀರಲ್ಲಿ ಅದ್ದಿ ಉಜ್ಜುತ್ತಾರೆ, ಅಷ್ಟೇ. ಗೀರು ಬೀಳುವುದಿಲ್ಲ. "ನಾನು ಜನ್ಮದಲ್ಲಿ ಒಂದು ದಮ್ಮು ಎಳ್ದಿಲ್ಲ. ಆದ್ರೂ ಪಾನ್ ಅಂಗಡಿ ಮುಂದೆ ಖಾಲಿ ಪ್ಯಾಕ್ ಆಯೋದು ನೋಡಿ, ಏನ್ ಸಾಬ್ರೇ, ಇಷ್ಟೊಂದು ಸೇದ್ತೀರಾ ಅಂತಾರೆ," ಎಂದು ನಗುತ್ತಾರೆ. ಗುಳಿಯಾದರೆ ಮಾತ್ರ ಯುದ್ಧ. ಹಳೇ ಕ್ರೋಮ್ ಕಳಚಬೇಕು, ಕಬ್ಬಿಣವನ್ನು ಗುಳಿಯ ಆಳದವರೆಗೂ ಸವೆಸಿ ಸಮ ಮಾಡಬೇಕು, ನಿಕ್ಕಲ್ ನೀರಿನಲ್ಲಿ ಮುಳುಗಿಸಬೇಕು, ಆಮೇಲೆ ಮತ್ತೆ ಕ್ರೋಮ್.

ಬಾಬಾ ಜಾನ್ ಅವರ ತಂದೆ ಮನೆಮನೆಯ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಮಗ ಇಲ್ಲೇ ಹತ್ತಿರದ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಆಸಿಡ್ ಹೊಗೆ ಕುಡಿಯುತ್ತಾ ಕ್ರೋಮ್ ಹಾಕುವುದು ಕಲಿತರು. ಕೆಮ್ಮು ಅಲ್ಲಿಂದ ಜೊತೆಗೇ ಬಂತು. ತೊಂಬತ್ತರ ದಶಕದ ಶುರುವಿನಲ್ಲಿ ಸ್ವಂತ ಶೆಡ್ಡು ಹಾಕಿದಾಗ ಕಾಲವೂ ಕೂಡಿಬಂತು. ಆಗ ಪಕ್ಕದ ಊರು ಗುಬ್ಬಿಯಲ್ಲಿ ಚಕ್ರ ಹೊಳೆಯದ ಕಾರಿಗೆ ನಾಯಿಯೂ ಬೊಗಳುತ್ತಿರಲಿಲ್ಲ ಎಂದರೆ ಎಷ್ಟು ಶೋಕಿ ಇತ್ತೆಂದು ಲೆಕ್ಕ ಹಾಕಿ. ದಿನಕ್ಕೆ ನಾಲ್ಕೈದು ಚಕ್ರ, ಅದರಲ್ಲಿ ಮುಕ್ಕಾಲು ಪಾಲು ಗುಬ್ಬಿಯದೇ. ಈಗ ವಾರಕ್ಕೆ ಎರಡು ಬಂದರೆ ಹಬ್ಬ. ಗುಬ್ಬಿಯಿಂದ ಒಂದೂ ಬರುವುದಿಲ್ಲ.

ಯಾಕೆ ಎಂದು ಕೇಳಿದರೆ ಬಾಬಾ ಜಾನ್ ಮೋಟಾರಿನ ಕಡೆ ತಿರುಗಿಬಿಡುತ್ತಾರೆ. ಟೀ ತಂದಿಟ್ಟ ಹೆಂಡತಿ ಚಾಂದ್ ಬೀ ಬಿಡಬೇಕಲ್ಲ. "ಇವ್ರಿಗೆ ಚಕ್ರದ ಜೊತೆ ಮಾತಾಡಕ್ಕೆ ಬರ್ತದೆ, ಮನುಷ್ಯರ ಜೊತೆ ಬರಲ್ಲ. ಅದೇ ನಮ್ ಹಣೆಬರಹ. ಕೇಳಿ ಹೇಳ್ತೀನಿ."

ಗುಬ್ಬಿಯ ತೆಂಗಿನ ತೋಟದ ಯಜಮಾನ ದೊಡ್ಡರಂಗಯ್ಯ ಶೆಡ್ಡಿನ ಮೊದಲ ಗಿರಾಕಿ. ಅವರ ಬಿಳಿ ಅಂಬಾಸಿಡರ್‌ಗೆ ಬಾಬಾ ಜಾನ್ ಮಾಡಿಕೊಟ್ಟ ಚಕ್ರ ನೋಡಿಯೇ ಊರಿಗೆ ಊರೇ ಇಲ್ಲಿಗೆ ಬಂತು. ಆದರೆ ಮರುವರ್ಷವೇ ಆ ಚಕ್ರಗಳಲ್ಲಿ ಗುಳಿ. ನಾಲ್ಕಕ್ಕೂ ಒಂದೇ ಜಾಗದಲ್ಲಿ, ಮೂರು ಬೆರಳಿನ ಅಗಲ.

ಉಗುರಿಟ್ಟು, ಅದಕ್ಕೆ ಕುಂಕುಮ ಅಂಟಿದ ಕೂಡಲೇ ಬಾಬಾ ಜಾನ್‌ಗೆ ಕಾರಣ ಗೊತ್ತಾಯಿತು. ಆಯುಧಪೂಜೆಯ ದಿನ ಒಡೆದ ತೆಂಗಿನಕಾಯಿಯ ನೀರಿನಲ್ಲೇ ಕುಂಕುಮ ಕಲಸಿ ಮೂರು ಬೆರಳಲ್ಲಿ ಚಕ್ರಕ್ಕೆ ಬಳಿಯುವುದು ಆ ಮನೆಯ ಪದ್ಧತಿ. ದೇವರ ಕುಂಕುಮವೆಂದು ಅದು ತಾನಾಗಿ ಉದುರುವವರೆಗೆ ಯಾರೂ ತೊಳೆಯುವುದಿಲ್ಲ. ಆ ಪದರದ ಕೆಳಗೆ ತೇವ ಕೂತು ಕಬ್ಬಿಣ ತಿನ್ನುತ್ತದೆ.

"ಹೇಳ್ಬೋದಿತ್ತು," ಎನ್ನುತ್ತಾರೆ ಬಾಬಾ ಜಾನ್, ಟೀ ಲೋಟ ನೋಡುತ್ತಾ. "ಬಾಯಿ ತುದಿಗೆ ಬರ್ತಿತ್ತು. ಸಾಬಿ ಆಗಿ ನಾನು, ನಿಮ್ ಪೂಜೆ ಕುಂಕುಮ ತೊಳೀರಿ ಅಂತ ಹೆಂಗನ್ಲಿ ಸಾರ್? ಒಳ್ಳೇ ಮನುಷ್ಯ. ನೊಂದ್ಕೊಂಡ್ರೆ?"

ನುಂಗಿದರು. ವರ್ಷ ವರ್ಷವೂ ನುಂಗುತ್ತಲೇ ಬಂದರು. ದಸರಾ ಕಳೆದ ಮೇಲೆ ಗುಳಿ, ಮತ್ತೆ ಸವೆಸುವುದು, ಮತ್ತೆ ಕ್ರೋಮ್. ದೊಡ್ಡರಂಗಯ್ಯ ತಮಗೆ ತೋಚಿದ್ದನ್ನು ಊರಲ್ಲಿ ಆಡಿದರು: ಸಾಬ್ರು ಒಳ್ಳೆಯವರೇ, ಕೆಲಸ ಮಾತ್ರ ನಿಲ್ಲಲ್ಲ. ಅಷ್ಟು ಸಾಕಾಯಿತು. ಗುಬ್ಬಿಯ ಕಾರುಗಳು ಬಟವಾಡಿ ದಾಟಿ ಮುಂದೆ ಹೋಗತೊಡಗಿದವು.

ಹೋದ ವರ್ಷ ದೊಡ್ಡರಂಗಯ್ಯ ಚಕ್ರ ತಂದಾಗ ಬಾಬಾ ಜಾನ್ ಮೊದಲ ಬಾರಿಗೆ ಕೈ ಮುಗಿದರು. "ಇನ್ನು ಆಗಲ್ಲ ಯಜಮಾನ್ರೇ. ಸವೆಸಿ ಸವೆಸಿ ತೆಳ್ಳಗಾಗೈತೆ. ಇನ್ನೊಂದ್ಸಲ ಮುಟ್ಟಿದ್ರೆ ರೋಡಲ್ಲಿ ಬಿರೀತದೆ."

"ಕೆಲ್ಸ ಬರಲ್ಲ ಅನ್ನು ಮತ್ತೆ!"

ಒಳಗಿದ್ದ ಚಾಂದ್ ಬೀಗೆ ತಡೆಯಲಾಗಲಿಲ್ಲ. ಸೆರಗು ಸರಿಮಾಡಿಕೊಂಡು ಬಂದವರೇ ಎಲ್ಲವನ್ನೂ ಹೇಳಿಬಿಟ್ಟರು. ಹೆದ್ದಾರಿಯ ಲಾರಿಗಳೂ ಇಂಜಿನ್ ಆರಿಸಿ ಕಿವಿಗೊಟ್ಟವು. ದೊಡ್ಡರಂಗಯ್ಯ ತಂದ ಚಕ್ರದ ಮೇಲೇ ಕೂತರು.

"ಏನ್ಲಾ ಬಾಬಾ, ದೇವ್ರ ಕೋಣೆ ಇಗ್ರಹಾನೇ ವಾರವಾರ ತೊಳೀತೀವಿ. ಚಕ್ರ ತೊಳ್ಯಕ್ಕೆ ನಂಗೇನ್ ದಾಡಿನಾ? ಒಂದ್ ಮಾತು ಅಂದಿದ್ರೆ ಮಾರನೇ ದಿನವೇ ತೊಳೀತಿದ್ನಲ್ಲೋ. ಇಷ್ಟು ವರ್ಷ ನಿನ್ನ ಬೈಕೊಂಡು ತಿರುಗಿದ್ನಲ್ಲೋ!"

ಅವರು ಗುಬ್ಬಿಗೆ ಹೋಗಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು, ಬಸ್ ಸ್ಟ್ಯಾಂಡಿನಲ್ಲಿ ನಿಂತೂ ಹೇಳಿದರು. ಜನ ನಂಬಿದರು ಕೂಡ. ಆದರೆ ಅಷ್ಟು ಹೊತ್ತಿಗೆ ಹಳೇ ಕಾರುಗಳು ಗುಜರಿಗೆ ಹೋಗಿದ್ದವು, ಹೊಸ ಕಾರುಗಳ ಅಲಾಯ್ ಚಕ್ರಕ್ಕೆ ಕ್ರೋಮಿನ ಹಂಗಿಲ್ಲ. ದೊಡ್ಡರಂಗಯ್ಯನವರ ಅಂಬಾಸಿಡರ್ ತೋಟದಲ್ಲಿ ಇಟ್ಟಿಗೆಯ ಮೇಲೆ ನಿಂತಿದೆ.

ಮುಂದೇನು ಆಸೆ ಎಂದು ಕೇಳಿದೆ. ನಾನಾಗಿದ್ದರೆ ವಿಧಾನಸೌಧದ ಗೋಪುರಕ್ಕೆ ಕ್ರೋಮ್ ಹಾಕಬೇಕು ಎನ್ನುತ್ತಿದ್ದೆ. ಬಾಬಾ ಜಾನ್ ಕೈಗೆ ಅಂಟಿದ ಕಪ್ಪನ್ನು ಒರೆಸಿಕೊಂಡರು.

"ಗುಬ್ಬಿಯಿಂದ ಇನ್ನೊಂದೇ ಒಂದು ಚಕ್ರ ಬರ್ಲಿ ಸಾರ್. ಮೊದ್ಲು ಕೂರಿಸಿ ಟೀ ಕೊಟ್ಟು, ಹೇಳೋದೆಲ್ಲ ಹೇಳ್ತೀನಿ. ಆಮೇಲೆ ಮೋಟಾರ್ ಆನ್ ಮಾಡ್ತೀನಿ."