ಉಪ್ಪಿಲ್ಲದ ಡಬ್ಬಿ

ಅಕ್ಕುವಿಗೆ ಮೋಸ ಮಾಡುವುದು ಸುಲಭದ ಮಾತಲ್ಲ. ಹಾಲಿನವನ ಕ್ಯಾನಿಗೆ ಬೆರಳು ಅದ್ದಿ ನೋಡುತ್ತಾಳೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುತ್ತಾಳೆ. ಮೀನಿನವಳು ‘ತಾಜಾ’ ಎಂದರೆ ಕಿವಿರು ಎತ್ತಿ ನೋಡಿ ಮುಖ ಸಿಂಡರಿಸುತ್ತಾಳೆ. ನಾನೂ ಏನು ಕಡಿಮೆ ಸಂಶಯದ ಮನುಷ್ಯನಲ್ಲ. ಮೂವತ್ತು ವರ್ಷ ಆಫೀಸಿನಲ್ಲಿ ಕೂತು ಜನರ ಸಿಕ್ ಲೀವ್ ಅರ್ಜಿಗಳಲ್ಲಿ ಸುಳ್ಳು ಹುಡುಕಿ ನಿವೃತ್ತನಾದವನು. ಆದರೂ ಅವಳ ಮುಂದೆ ನಾನು ಹಸುಗೂಸು. ಅಂಥವಳನ್ನು ಒಬ್ಬ ಎಂಟು ತಿಂಗಳು ಏಮಾರಿಸಿದ.

ಕಾರ್ಕಳದ ಕಡೆಯ ಹೆಣ್ಣು. ಮದುವೆಯಾಗಿ ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗಿಗೆ ಬಂದಾಗ ಹತ್ತೊಂಬತ್ತು ವರ್ಷ. ಗಂಡ ಗುರುವಪ್ಪ ಠಾಣೆಯ ಹೋಟೆಲೊಂದರಲ್ಲಿ ಒಲೆಯ ಮುಂದೆ ನಿಂತೇ ಆಯುಷ್ಯ ಕಳೆದ. ಅವನು ತೀರಿಕೊಂಡ ಮೇಲೆ ಅಕ್ಕು ಆಫೀಸಿಗೆ ಹೋಗುವವರಿಗೆ ಊಟದ ಡಬ್ಬಿ ಮಾಡಿ ಕೊಡಲು ಶುರು ಮಾಡಿದಳು. ಹದಿನಾಲ್ಕು ಡಬ್ಬಿ, ಅದೇ ಅವಳ ಜೀವನ. ಹಿಂದೆ ಬರುವ ಖಾಲಿ ಡಬ್ಬಿ ನೋಡಿಯೇ ಮನುಷ್ಯರನ್ನು ಓದಿಬಿಡುತ್ತಿದ್ದಳು: ಪಲ್ಯ ಬಿಟ್ಟವನಿಗೆ ಹೊಟ್ಟೆ ಸರಿಯಿಲ್ಲ, ಅನ್ನ ಬಿಟ್ಟವನಿಗೆ ಮನೆಯಿಂದ ಫೋನ್ ಬಂದಿದೆ. ಹೆಚ್ಚಿನ ಸಲ ಅವಳು ಹೇಳಿದ್ದೇ ಸರಿ ಇರುತ್ತಿತ್ತು.

2010ರ ಜನವರಿಯಲ್ಲಿ ನೆಲಮಹಡಿಯ ಹಿಂದಿನ ರೂಮಿಗೆ ಸಿದ್ರಾಮ ಬಾಡಿಗೆಗೆ ಬಂದ. ವಿಜಾಪುರದ ಕಡೆಯವನು, ಒಬ್ಬನೇ. ಕಳಂಬೋಲಿಯ ಕಬ್ಬಿಣದ ಗೋದಾಮಿನಲ್ಲಿ ಕೆಲಸ ಎಂದ. ಎರಡನೇ ದಿನವೇ ಅಕ್ಕುವಿನ ಬಾಗಿಲಿಗೆ ಬಂದು ನಿಂತ.

“ಅಕ್ಕಾರ, ನನ್ನ ಡಬ್ಬ್ಯಾಗ ಉಪ್ಪು ಖಾರ ಏನೂ ಹಾಕಬ್ಯಾಡ್ರಿ. ಬರೇ ಅನ್ನ, ಕುದಿಸಿದ ಬಟಾಟಿ, ನಾಕು ಬಾಳಿಹಣ್ಣು. ಸ್ವಲ್ಪ ದೊಡ್ಡ ಡಬ್ಬಿನ ಇರ್ಲಿ.”

ಅವನು ಹೋದ ಮೇಲೆ ಅಕ್ಕು ನನ್ನ ಹತ್ತಿರ ದನಿ ತಗ್ಗಿಸಿ ಹೇಳಿದಳು. ನಮ್ಮಿಬ್ಬರ ಮಾತು ತುಳುವಿನಲ್ಲೇ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

“ಹರಕೆ ಇರ್ಬೇಕು ಜಯಶೀಲಣ್ಣ. ನಾಗನ ಹರಕೆ. ಪಾಪ, ಈ ವಯಸ್ಸಿಗೆ ಉಪ್ಪು ಬಿಟ್ಟಿದ್ದಾನೆ.”

“ಹರಕೆಯೋ ಬಿ.ಪಿ.ಯೋ, ಒಂದು ಮಾತು ಕೇಳಿ ನೋಡು.”

“ಹರಕೆಯನ್ನು ಕೇಳ್ಲಿಕ್ಕೆ ಉಂಟಾ ಮಾರಾಯ್ರೆ? ಬಾಯಿ ಬಿಟ್ಟು ಹೇಳಿದ್ರೆ ಫಲ ಹೋಗ್ತದೆ.”

ನಮ್ಮ ಕಡೆ ಹಾಗೇ. ಒಬ್ಬರ ಹರಕೆಯನ್ನು ಇನ್ನೊಬ್ಬರು ಕೆದಕುವುದಿಲ್ಲ. ಹಾಲಿನವನಿಗೆ ನೂರು ಪ್ರಶ್ನೆ ಕೇಳುವ ಬಾಯಿ ಅಲ್ಲಿಗೆ ಮುಚ್ಚಿತು. ಬೆಳಿಗ್ಗೆ ಸ್ನಾನ ಮಾಡಿ ಮೊದಲು ಅವನ ಡಬ್ಬಿ, ಆಮೇಲೆ ಉಳಿದವರದ್ದು. ಡಬ್ಬಿಯನ್ನು ತಾನೇ ಒಯ್ದು ಅವನ ಚಿಲಕಕ್ಕೆ ತೂಗುಹಾಕಿ ಬರುತ್ತಿದ್ದಳು.

ನನಗೆ ಮಾತ್ರ ಅವನು ಸರಿ ಕಾಣಲಿಲ್ಲ. ಕಬ್ಬಿಣದ ಕೆಲಸದವನ ಅಂಗಿಯಲ್ಲಿ ತುಕ್ಕಿನ ಒಂದು ಕಲೆಯಿಲ್ಲ. ಹನ್ನೊಂದಕ್ಕೆ ಹೋಗಿ ಎರಡಕ್ಕೆ ವಾಪಸು; ಕಳಂಬೋಲಿಗೆ ಹೋಗಿಬರುವುದಕ್ಕೇ ಅಷ್ಟು ಹೊತ್ತು ಬೇಕು. ಒಂಟಿ ಗಂಡಸಿನ ರೂಮಿನಲ್ಲಿ ದಿನವಿಡೀ ಟಿ.ವಿ. ಜೋರಾಗಿ ಹಾಡುತ್ತಿತ್ತು, ಅದೂ ಮಕ್ಕಳ ಕಾರ್ಟೂನು. ಕಿಟಕಿಗೆ ಒಳಗಿನಿಂದ ರಟ್ಟು ಬಡಿದಿದ್ದ. ಡಬ್ಬಿಯನ್ನು ತೊಳೆದು, ಫಿನೈಲ್ ವಾಸನೆ ಬರುವಂತೆ ಮಾಡಿ ಕೊಡುತ್ತಿದ್ದ; ಡಬ್ಬಿ ತೊಳೆದು ಕೊಟ್ಟ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಂಜೆ ಹೊತ್ತು ನೆರೂಳ ಕಡೆಯಿಂದ ಕಾರಿನಲ್ಲಿ ಯಾರ್‍ಯಾರೋ ಬಂದು ಬಟ್ಟೆ ಮುಚ್ಚಿದ ಬುಟ್ಟಿ ಒಯ್ಯುತ್ತಿದ್ದರು. ಏನಯ್ಯಾ ಅದು ಎಂದು ಕೇಳಿದರೆ “ಹಾಪೂಸ್ ಮಾವು ಕಾಕಾ” ಎಂದ. ಆಗ ಜುಲೈ ತಿಂಗಳು.

ಇದನ್ನೆಲ್ಲ ಹೇಳಿದರೆ ಅಕ್ಕು ನನ್ನ ಮೇಲೆಯೇ ಹರಿಹಾಯುತ್ತಿದ್ದಳು. “ದೇವರ ಕೆಲಸದಲ್ಲೂ ಹುಳುಕು ಹುಡುಕ್ತೀರಿ ನೀವು.”

ಆಗಸ್ಟಿನಲ್ಲಿ ನಾಗರಪಂಚಮಿ ಬಂತು. ಅಕ್ಕು ಅರಸಿನ ಎಲೆಯ ಕಡುಬು ಮಾಡಿ ಸಿದ್ರಾಮನನ್ನೂ ನನ್ನನ್ನೂ ಊಟಕ್ಕೆ ಕರೆದಳು. ಅವನಿಗಾಗಿ ಎಲ್ಲವನ್ನೂ ಉಪ್ಪಿಲ್ಲದೆ ಬೇರೆಯಾಗಿ ಬೇಯಿಸಿದ್ದಳು. ಅವನು ಎರಡು ತುತ್ತು ನುಂಗಿ ಮುಖ ಎತ್ತಿದ.

“ಅಕ್ಕಾರ, ಭಾಳ ಸಪ್ಪಗದರಿ. ಉಪ್ಪಿನಕಾಯಿ ಐತೇನ್ರಿ?”

ಅಕ್ಕು ಎದ್ದು ಹೋಗಿ ಮಿಡಿ ಉಪ್ಪಿನಕಾಯಿ ಬಡಿಸಿದಳು. ಅವನು ಮೂರು ಮಿಡಿ ಚೀಪಿದ. ಅವನಿಗೆಂದು ಬೇರೆಯಾಗಿ ಬೇಯಿಸಿದ ಪಾತ್ರೆಗಳನ್ನು ಅವಳು ಒಳಗೆ ಒಯ್ದಳು.

ಆರು ದಿನ ಅವಳು ಎಂದಿನಂತೆ ಅವನ ಸಪ್ಪೆ ಡಬ್ಬಿ ಕಟ್ಟಿದಳು. ಶುಕ್ರವಾರ ಬೆಳಿಗ್ಗೆ ನನ್ನನ್ನು ಕರೆದು, ಸಿದ್ರಾಮನ ಡಬ್ಬಿಗೆ ನನ್ನೆದುರೇ ಒಂದು ಹಿಡಿ ಉಪ್ಪು, ಎರಡು ಚಮಚ ಮೆಣಸಿನ ಹುಡಿ ಕಲಸಿದಳು. “ತಿನ್ನುವವನು ಅವನೇ ಆದ್ರೆ ಈಗ ಬೈಯ್ಲಿಕ್ಕೆ ಬರ್ತಾನೆ. ಹರಕೆ ಮುರಿದ ಪಾಪ ನನಗಿರ್ಲಿ.”

ಹನ್ನೊಂದಕ್ಕೆ ಅವನು ಬೈಯದೆ, ಬೀಗ ಹಾಕಿ ಹೋದ. ಹನ್ನೆರಡಕ್ಕೆ ಕರೆಂಟು ಹೋಯಿತು. ಕಾರ್ಟೂನು ನಿಂತಿತು. ಆ ರೂಮಿನ ಒಳಗಿನಿಂದ ಅಳು ಕೇಳಿಸಿತು, ಸಣ್ಣ ದನಿಯ, ಕೀರಲು ಅಳು.

“ಮಗು!” ಎಂದಳು ಅಕ್ಕು. ನನ್ನ ತಲೆಯಲ್ಲೂ ಎಲ್ಲ ಒಮ್ಮೆಗೇ ಕೂಡಿಕೊಂಡಿತು: ಸಪ್ಪೆ ಅನ್ನ, ಬಾಳೆಹಣ್ಣು, ಕಾರ್ಟೂನು, ರಟ್ಟು ಬಡಿದ ಕಿಟಕಿ. ಯಾರದೋ ಕೂಸನ್ನು ಕದ್ದು ತಂದು ಮಾರುವವನಿಗೆ ಇವಳು ಎಂಟು ತಿಂಗಳಿಂದ ಬೇಯಿಸಿ ಹಾಕುತ್ತಿದ್ದಾಳೆ. ನಾನು ಪೊಲೀಸ್ ಚೌಕಿಗೆ ಓಡಿದೆ.

ಅಲ್ಲಿ ಒಂದೂವರೆ ಗಂಟೆ ಕಾದು ಪೇದೆಯನ್ನು ಕರೆದುಕೊಂಡು ಬರುವಷ್ಟರಲ್ಲಿ ಇಡೀ ಬಿಲ್ಡಿಂಗು ಬಾಗಿಲ ಮುಂದೆ ಸೇರಿತ್ತು. ಅಕ್ಕು ಬೀಗಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಎರಡು ಗಂಟೆಗೆ ಬಂದ ಸಿದ್ರಾಮ ಗುಂಪು ನೋಡಿ ಹಿಂದೆ ತಿರುಗಿದ. ಪೇದೆ ರಟ್ಟೆ ಹಿಡಿದು ಬಾಗಿಲು ತೆಗೆಸಿದ.

ಒಳಗೆ ಒಂದರ ಮೇಲೊಂದು ತಂತಿಯ ಪಂಜರಗಳು. ಕೋತಿಮರಿ ಒಂಬತ್ತು, ಒತ್ತಾಗಿ ತುಂಬಿದ ಗಿಳಿಗಳು ಲೆಕ್ಕವಿಲ್ಲ. ಕೆಂಪು ಅನ್ನ ಪಂಜರದ ತುಂಬ ಚೆಲ್ಲಿತ್ತು. ಒಂದು ಮರಿ ಎರಡೂ ಕೈಯಿಂದ ತನ್ನ ಬಾಯಿ ಉಜ್ಜಿಕೊಳ್ಳುತ್ತ ಕಿರುಚುತ್ತಿತ್ತು.

“ಅರೇ, ಮಾಕಡ!” ಎಂದು ಯಾರೋ ನಕ್ಕರು. ಪೇದೆಯೂ ನಕ್ಕ. ಜನರ ಉಸಿರು ಸಡಿಲಾಯಿತು. ಎರಡನೇ ಮಹಡಿಯ ಹೆಂಗಸು ಒಂದು ಗಿಳಿ ಸಿಗುತ್ತದೆಯೇ ಎಂದು ಸಿದ್ರಾಮನನ್ನೇ ಕೇಳಿದಳು. ಸುಳ್ಳೇಕೆ, ನನಗೂ ಸಮಾಧಾನವೇ ಆಯಿತು. ಮಗುವಲ್ಲವಲ್ಲ ಎಂದುಕೊಂಡೆ.

ಸಿದ್ರಾಮನಿಗೆ ಧೈರ್ಯ ಬಂತು. “ಸಾಕೂ ಪ್ರಾಣಿ ಅದಾವ್ರಿ ಸಾಹೇಬ್ರ. ಸಂಜಿ ಆಗೂದ್ರಾಗ ಎಲ್ಲಾ ತಗದ್ಬಿಡ್ತೀನಿ.”

ಪೇದೆ ತಲೆಯಾಡಿಸಿದ. ಅಕ್ಕು ಆಡಿಸಲಿಲ್ಲ. ಮನೆಗೆ ಹೋಗಿ ಬಿಸಿ ಅನ್ನಕ್ಕೆ ಬಾಳೆಹಣ್ಣು ಕಿವುಚಿ ತಂದು ಆ ಹೊಸ್ತಿಲಿನ ಮೇಲೆ ಕೂತುಬಿಟ್ಟಳು. “ಇವು ಕಾಡಿನವು. ಕಾಡಿನ ಆಫೀಸಿನವರು ಬರದೆ ಒಂದು ಬುಟ್ಟಿಯೂ ಇಲ್ಲಿಂದ ಹೊರಗೆ ಹೋಗ್ಲಿಕ್ಕಿಲ್ಲ” ಎಂದು ನನ್ನತ್ತ ನೋಡಿದಳು. ನಾನು ಫೋನ್ ಮಾಡಿದೆ. ಅವಳು ತಂತಿಯ ಸಂದಿನಿಂದ ಒಂದೊಂದೇ ತುತ್ತು ಕೊಡುತ್ತ ಕೂತಳು. ಬಾಯಿ ಉರಿದ ಮರಿ ಕೊನೆಯವರೆಗೂ ಅವಳ ಕೈ ಮುಟ್ಟಲಿಲ್ಲ.

ನಾಲ್ಕಕ್ಕೆ ಕಲ್ಯಾಣದಿಂದ ಅರಣ್ಯ ಇಲಾಖೆಯ ಜೀಪು ಬಂತು. ಸಿದ್ರಾಮನನ್ನು ಹತ್ತಿಸಿದರು, ಪಂಜರಗಳನ್ನು ಹತ್ತಿಸಿದರು. ಅಧಿಕಾರಿ ಒಳ್ಳೆಯವನು, ಅಕ್ಕುವಿನ ಹೇಳಿಕೆ ಬರೆದುಕೊಳ್ಳುವಾಗ, “ಆಜಿಗೆ ಏನೂ ಗೊತ್ತಿರಲಿಲ್ಲ ಅಂತ ಬರೀತೇನೆ” ಎಂದ. ಒಪ್ಪಿಕೋ, ಪೇಪರಿನಲ್ಲಿ ಹೆಸರು ಬಂದರೆ ಹದಿನಾಲ್ಕು ಡಬ್ಬಿಯೂ ನಿಲ್ಲುತ್ತದೆ ಎಂದು ನಾನು ತುಳುವಿನಲ್ಲಿ ಪಿಸುಗುಟ್ಟಿದೆ.

ಅಕ್ಕು ನನ್ನ ಕಡೆ ನೋಡಲೇ ಇಲ್ಲ. ತನ್ನ ಹರಕುಮುರುಕು ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು:

“ಗೊತ್ತಿರಲಿಲ್ಲ ಅಂತ ಬರೀಬೇಡಿ ಸಾಹೇಬರೇ. ಕೇಳಲಿಲ್ಲ ಅಂತ ಬರೀರಿ. ಎಂಟು ತಿಂಗಳಲ್ಲಿ ಬುಟ್ಟಿಯಲ್ಲಿ ಹೋದವೆಲ್ಲ ನನ್ನ ಅನ್ನ ತಿಂದೇ ಮಾರಾಟಕ್ಕೆ ಹೋದವು.”