ಮಡುವಿನ ಮೀನು ಮುಟ್ಟಿದ ಬುತ್ತಿ

ಮೀನೆಂದರೆ ನನಗೆ ಇಂದಿಗೂ ಹೊಟ್ಟೆ ತೊಳಸುತ್ತದೆ. ನಾವು ತಿನ್ನುವ ಜನ ಅಲ್ಲವಲ್ಲ, ಅದಕ್ಕೇ ಹಾಗೆ ಎಂದು ಮೊಮ್ಮಕ್ಕಳು ನಗುತ್ತಾರೆ. ಏನೂ ಅಲ್ಲ. ನಾವು ತಿನ್ನದ ಪದಾರ್ಥಗಳು ಜಗತ್ತಿನಲ್ಲಿ ಬೇಕಾದಷ್ಟಿವೆ, ಎಲ್ಲವನ್ನೂ ಕಂಡು ನಾನು ಮೂಗು ಮುಚ್ಚಿಕೊಳ್ಳುವುದಿಲ್ಲ. ನನ್ನ ಹೇಸಿಕೆ ವರದಾ ಹೊಳೆಯ ಒಂದು ಮಡುವಿನದು, ಆ ಮಡುವಿನಲ್ಲಿದ್ದ ಮೀನಿನದು. ಅದಕ್ಕಿಂತ ಹೆಚ್ಚಾಗಿ ಒಬ್ಬ ಹೆಂಗಸಿನದು.

ಮಹಾಯುದ್ಧ ನಡೆದಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಮದುವೆಗೆ ಸೀರೆ ಸಿಗುತ್ತಿರಲಿಲ್ಲ, ಆದರೂ ಮದುವೆಗಳು ನಿಂತಿರಲಿಲ್ಲ. ನನ್ನ ಅಪ್ಪ ಸವಣೂರಿನಲ್ಲಿ ಎಲೆ, ಬೆಲ್ಲದ ವ್ಯಾಪಾರ ಮಾಡುತ್ತಿದ್ದ. ನನಗೆ ಹಾನಗಲ್ಲ ಕಡೆಯ ಒಂದು ಹೊಳೆದಂಡೆಯ ಹಳ್ಳಿಯಿಂದ ಸಂಬಂಧ ಬಂತು. ಅಪ್ಪ ಅವ್ವ ಇಬ್ಬರೂ ಹೋಗಿ ಮನೆ ನೋಡಿ ಬಂದರು. ಅಪ್ಪ ಗದ್ದೆಯ ಮಾತಾಡಿದ. ಅವ್ವ ಮಾತ್ರ ಎಮ್ಮೆಯ ಮಾತು ಬಿಟ್ಟು ಬೇರೆ ಆಡಲಿಲ್ಲ.

"ಏನ್ ಎಮ್ಮಿ ಅಂತೀರಿ! ಒಂದು ಕೋಡು ಮ್ಯಾಲ, ಒಂದು ಕೋಡು ಕೆಳಗ. ಹಣಿ ಮ್ಯಾಲ ಬೆಳ್ಳನ್ನ ಚುಕ್ಕಿ. ನೋಡಾಕ ಹಂಗೈತಿ, ಹಿಂಡಿದ್ರ ಗಡಿಗಿ ತುಂಬತೈತಿ. ನನ್ನ ಮಗಳು ಹೈನದ ಮನಿಗೆ ಹೊಂಟಾಳ್ರಿ," ಎಂದು ಓಣಿಯವರಿಗೆಲ್ಲ ಹೇಳಿದ್ದೇ ಹೇಳಿದ್ದು. ವರನ ಹೆಸರು ಓಣಿಯವರಿಗೆ ಗೊತ್ತಾಗುವ ಮೊದಲು ಎಮ್ಮೆಯ ಕೋಡು ಗೊತ್ತಾಗಿತ್ತು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಊರಿಗೆ ಸೊಸೆಯಾಗಿ ಬರುವ ಹುಡುಗಿ ಮದುವೆಗೆ ಮೊದಲು ಹೊಳೆಯ ಮಡುವಿಗೆ ಬಂದು, ದೇವರ ಮೀನಿಗೆ ಮೊಸರಬುತ್ತಿ ನೀಡಬೇಕು. ಪತ್ರಾವಳಿಯಲ್ಲಿ ಬುತ್ತಿ ಇಟ್ಟು ನೀರಿನ ಅಂಚಿನ ಮೆಟ್ಟಿಲ ಮೇಲೆ ಹಿಡಿಯಬೇಕು. ಮೀನು ಬಂದು ಬಾಯಿ ಹಾಕಿದರೆ ಹೊಳೆವ್ವ ಒಪ್ಪಿದಳು ಎಂದರ್ಥ. ಆಮೇಲೆ ಮೀನು ಮುಟ್ಟಿ ಉಳಿದದ್ದನ್ನು ಹುಡುಗಿ, ಅವಳ ತಾಯಿ, ಅತ್ತೆ ಮೂವರೂ ಅಲ್ಲೇ ಕುಳಿತು ಪ್ರಸಾದವೆಂದು ತಿನ್ನಬೇಕು.

ಇದನ್ನು ಕೇಳಿದಾಗಲೇ ನನಗೆ ಓಕರಿಕೆ ಬಂತು. ಅವ್ವನಿಗೆ ಬರಲಿಲ್ಲ. ನಮ್ಮ ಅವ್ವ ಎಂಥವಳೆಂದರೆ, ಪಕ್ಕದ ಓಣಿಯಲ್ಲಿ ತತ್ತಿ ಒಡೆದ ವಾಸನೆ ಬಂದರೆ ನಮ್ಮ ಮನೆಯ ಕೊಡಗಳನ್ನೆಲ್ಲ ಚೆಲ್ಲಿ ಹೊಸ ನೀರು ತರಿಸುತ್ತಿದ್ದಳು. ಅಂಥವಳಿಗೆ ಮೀನಿನ ಎಂಜಲು ನಡೆಯಿತು! ಯಾಕೆಂದರೆ ಆ ಮೀನು ಶೀಲದ ಮೀನಂತೆ.

"ಅವು ನಮ್ಮಂಥಾವ, ಯವ್ವಾ. ಹುಳಾ ಹುಪ್ಪಡಿ ಮುಟ್ಟಂಗಿಲ್ಲ. ಬುತ್ತಿ, ಚುರಮರಿ, ಹೊಳಿದಂಡಿ ಅತ್ತಿಹಣ್ಣು, ಇಷ್ಟ. ದೇವರ ಹತ್ರ ಇರಾವು ಮತ್ತೇನ್ ತಿಂತಾವು?"

ಸುತ್ತಿನ ಹಳ್ಳಿಗಳ ನಮ್ಮವರೆಲ್ಲ ಇದನ್ನು ನಂಬಿದ್ದರು. ತಾವು ಏನು ತಿನ್ನುವುದಿಲ್ಲವೋ ಅದನ್ನು ತಾವು ಪೂಜಿಸುವ ಪ್ರಾಣಿಯೂ ತಿನ್ನುವುದಿಲ್ಲ ಎಂದು. ಮೀನನ್ನು ಯಾರೂ ಹೋಗಿ ಕೇಳಿರಲಿಲ್ಲ. ಆ ಮೀನು ದೊಡ್ಡ ಹೊಳೆಯದು. ಮಳೆಗಾಲದಲ್ಲಿ ತುಂಗಭದ್ರೆಯಿಂದ ಪ್ರವಾಹಕ್ಕೆ ಎದುರಾಗಿ ಏರಿ ಬರುತ್ತದೆ, ನೀರು ಇಳಿದಾಗ ಬಂಡೆಗಲ್ಲಿನ ಆಳವಾದ ಮಡುಗಳಲ್ಲಿ ಉಳಿದುಕೊಳ್ಳುತ್ತದೆ. ಹಣ್ಣು ಬಿದ್ದರೆ ಹಣ್ಣು ತಿನ್ನುತ್ತದೆ, ಹೌದು. ಕಲ್ಲಿನ ಪಾಚಿ, ಹುಳು, ಏಡಿ, ಬಸವನಹುಳು, ತನಗಿಂತ ಸಣ್ಣ ಮೀನು, ಎಲ್ಲವೂ ಆಗುತ್ತದೆ. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಚಿಪ್ಪು ಸಮೇತ ನುಂಗಿ ಅಲ್ಲಿ ಅರೆಯುತ್ತದೆ. ಇದೆಲ್ಲ ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಕೆಲವನ್ನು ಮಾತ್ರ ಕಣ್ಣಾರೆ ಕಂಡೆ, ಕಾಣಬಾರದಿತ್ತು.

ಶಿವರಾತ್ರಿ ಕಳೆದ ಮೇಲೆ ಚಕ್ಕಡಿ ಕಟ್ಟಿಕೊಂಡು ಹೋದೆವು. ಹೊಳೆ ಸೊರಗಿತ್ತು, ಮಡು ಮಾತ್ರ ತುಂಬಿತ್ತು. ಅತ್ತೆಯಾಗಬೇಕಾದವಳು ಊರ ಹೆಂಗಸರೊಂದಿಗೆ ಆಗಲೇ ಬಂದು ನಿಂತಿದ್ದಳು. ದಪ್ಪ ಮೂಗುತಿ, ಇಸ್ತ್ರಿ ಮಾಡಿದಂಥ ಮುಖ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುಂತ್ಕೋಳವ್ವಾ, ಎಲಿ ಹಿಡಿ," ಎಂದಳು.

ಹಿಡಿದೆ. ಮೊಸರಬುತ್ತಿ ಬಿಸಿಲಿಗೆ ಹುಳಿಯಾಗಿ ವಾಸನೆ ಹೊಡೆಯಿತು. ಮೀನು ಬರಲಿಲ್ಲ. ಚುರಮರಿ ತೂರಿದರು, ಬರಲಿಲ್ಲ. ಬಾಳೆಹಣ್ಣು ಮುರಿದು ಹಾಕಿದರು, ಅದು ತೇಲಿಕೊಂಡೇ ಹೋಯಿತು. ಹೆಂಗಸರು ಮೊದಲು ಹೊಳೆಯನ್ನು ನೋಡುತ್ತಿದ್ದವರು ಆಮೇಲೆ ನನ್ನನ್ನು ನೋಡತೊಡಗಿದರು.

ಕಾಲು ಮರಗಟ್ಟಿತು. ಅಳು ಬಂತು. ಮುಖ ತೊಳೆದುಕೊಂಡು ಬರುತ್ತೇನೆ ಎಂದು ಎದ್ದು, ಮಡುವಿನ ಮೇಲ್ಬದಿಗೆ ಹೊಳೆ ತಿರುಗುವಲ್ಲಿ ಅತ್ತಿಮರದ ಮರೆಗೆ ಹೋದೆ. ಹೋಗುತ್ತಲೇ ಮೂಗಿಗೆ ಬಡಿಯಿತು.

ಬಂಡೆಗಳ ನಡುವೆ ಒಂದು ಎಮ್ಮೆ ಸಿಕ್ಕಿಕೊಂಡಿತ್ತು. ಹೊಟ್ಟೆ ಉಬ್ಬಿ ಒಡೆದಿತ್ತು. ನೊಣ ಹೊಗೆ ಎದ್ದಂತೆ ಏಳುತ್ತಿದ್ದವು. ಆ ಒಡೆದ ಹೊಟ್ಟೆಯ ಸುತ್ತ ನೀರು ಕುದಿಯುತ್ತಿತ್ತು, ಕುದಿಯುತ್ತಿದ್ದದ್ದು ಮೀನು. ಹೊನ್ನಿನ ಬಣ್ಣದ, ವೀಳ್ಯದೆಲೆಯಷ್ಟು ಅಗಲ ಹುರುಪೆಯ, ದಪ್ಪ ತುಟಿಗೆ ಮೀಸೆ ಇಳಿಬಿದ್ದ ದೇವರ ಮೀನು. ಒಂದು ಕರುಳಿನ ತುದಿ ಹಿಡಿದು ಜಗ್ಗಿತು, ಇನ್ನೊಂದು ಅದರ ಬಾಯಿಂದ ಕಿತ್ತುಕೊಂಡಿತು. ಥೂ! ಬರೆಯುವಾಗಲೂ ಕೈ ತೊಳೆಯಬೇಕೆನಿಸುತ್ತದೆ. ಎಮ್ಮೆಯ ತಲೆ ನೀರಿನ ಮೇಲಿತ್ತು. ಒಂದು ಕೋಡು ಮೇಲೆ, ಒಂದು ಕೋಡು ಕೆಳಗೆ. ಹಣೆಯ ಮೇಲೆ ಬಿಳಿ ಚುಕ್ಕೆ.

ಅಲ್ಲೇ ವಾಂತಿ ಮಾಡಿಕೊಂಡೆ. ತಿರುಗಿ ಬರುವಾಗ ಮೆಟ್ಟಿಲ ಹತ್ತಿರ ಮತ್ತೊಮ್ಮೆ ಮಾಡಿಕೊಂಡೆ, ಎಲ್ಲರ ಕಣ್ಣೆದುರಿಗೆ.

ಹೆಂಗಸರಲ್ಲೊಬ್ಬ ಮುದುಕಿ ಗಲ್ಲಕ್ಕೆ ಬೆರಳಿಟ್ಟುಕೊಂಡಳು. ಅತ್ತೆಯಾಗಬೇಕಾದವಳು ನಿಧಾನವಾಗಿ, ಎಲ್ಲರಿಗೂ ಕೇಳುವಂತೆ, "ಮಂದಿಗೆ ಗೊತ್ತಾಗದಿದ್ರೂ ಮೀನಕ್ಕ ಗೊತ್ತಾಗತೈತಿ ನೋಡ್ರಿ," ಎಂದಳು.

ಅದರ ಅರ್ಥ ನನಗೆ ತಿಳಿಯುವ ಮೊದಲು ಅವ್ವನಿಗೆ ತಿಳಿಯಿತು. ಅವಳು ಆಕೆಯ ಕಾಲು ಹಿಡಿಯಲು ಬಾಗಿದಳು. "ಇಲ್ರೀ ಅಕ್ಕಾರ, ನನ್ನ ಮಗಳು ಅಂಥಾಕಿ ಅಲ್ರೀ, ಬಿಸಲಿಗೆ ಹಂಗಾಗೈತ್ರೀ..."

"ಅಲ್ಲದಿದ್ರ ಛಲೋ ಆತು. ಒಂದು ತಿಂಗಳು ತಡೀರಿ. ಸೋಮವಾರ ಉಪವಾಸ ಮಾಡಸ್ರಿ, ಮತ್ತ ಕರಕೊಂಡು ಬರ್ರಿ. ಮೀನು ಮುಟ್ಟಿದ್ರ ನಮ್ಮ ಸೊಸಿ. ಇಲ್ಲಂದ್ರ ನಿಮ್ಮ ದಾರಿ ನಿಮಗ."

ಚಕ್ಕಡಿಯಲ್ಲಿ ಬರುವಾಗ ಅವ್ವನ ಕೈ ಹಿಡಿದು, "ಅವ್ವಾ, ಮೀನು ಅಲ್ಲಿ ಸತ್ತ ಎಮ್ಮಿ ತಿನ್ನಾಕತ್ತಿದ್ವು," ಎಂದೆ. ಅವರ ಎಮ್ಮೆ ಎಂದು ಹೇಳುವಷ್ಟು ಅವಳು ಬಿಡಲೇ ಇಲ್ಲ. ಬಾಯಿಗೆ ಅಡ್ಡ ಕೈ ಇಟ್ಟು, "ಮುಚ್ಚ ಬಾಯಿ! ನಿನಗ ಬಂದ ಅಪವಾದ ದೇವರ ಮೀನದ ಮ್ಯಾಲ ಹಾಕ್ತಿ? ಅವು ಹೇಸಿಗಿ ಮುಟ್ಟತಾವು? ನಾಲಿಗಿ ಬಿದ್ದು ಹೋದೀತು," ಎಂದು ಅತ್ತಳು. ಅಪ್ಪ ಎತ್ತುಗಳ ಬೆನ್ನನ್ನೇ ನೋಡುತ್ತ ಕುಳಿತಿದ್ದ.

ಆಗ ನನಗೆ ಆ ಹೆಂಗಸಿನ ಮೇಲೆ ಸಂಶಯವಿರಲಿಲ್ಲ. ಆ ವರ್ಷ ದನಗಳಿಗೆ ಬೇನೆ ಬಂದಿತ್ತು. ಮದುವೆ ಹತ್ತಿರ ಬಂದಾಗ ಮನೆಯ ಎಮ್ಮೆ ಸತ್ತರೆ ಅಪಶಕುನ, ಒಯ್ಯಲು ಯಾರನ್ನಾದರೂ ಕರೆದರೆ ಊರಿಗೆಲ್ಲ ಸುದ್ದಿ. ಆಳುಗಳು ಮನೆಯವರಿಗೂ ಹೇಳದೆ ಎಳೆದು ಹೊಳೆಗೆ ಹಾಕಿರಬೇಕು ಎಂದುಕೊಂಡೆ. ಆಕೆಗೆ ಗೊತ್ತಿದ್ದರೆ ನನ್ನನ್ನು ಹಾಗೆ ಅನ್ನುತ್ತಿದ್ದಳೇ?

ಆ ತಿಂಗಳು ನೆನೆದರೆ ಮೀನಿಗಿಂತ ಮನುಷ್ಯರ ಮೇಲೇ ಹೇಸಿಕೆ ಬರುತ್ತದೆ. ಸುದ್ದಿ ನಮಗಿಂತ ಮೊದಲೇ ಸವಣೂರು ಮುಟ್ಟಿತ್ತು. ನೀರಿಗೆ ಹೋದರೆ ಹೆಂಗಸರು ಮುಖ ನೋಡಿ ಮಾತಾಡುತ್ತ ಮಾತಾಡುತ್ತ ಕಣ್ಣನ್ನು ನನ್ನ ಹೊಟ್ಟೆಗೆ ಇಳಿಸುತ್ತಿದ್ದರು. ಶಿಗ್ಗಾವಿಯಲ್ಲಿದ್ದ ನನ್ನ ಸೋದರತ್ತೆ ನೋಡಲೆಂದು ಬಂದವಳು ಸೀರೆ ಸರಿಪಡಿಸುವ ನೆವದಲ್ಲಿ ಸೊಂಟ ಮುಟ್ಟಿ ನೋಡಿದಳು. ನಮ್ಮ ಮನೆಯಲ್ಲಿ ಹೊರಗೆ ಕೂಡುವ ಪದ್ಧತಿಯೇ ಇರಲಿಲ್ಲ, ಆದರೂ ಆ ತಿಂಗಳು ಅವ್ವ ನನ್ನನ್ನು ಹೊರಗಿನ ಕಟ್ಟೆಯ ಮೇಲೆ, ಓಣಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಕೂಡಿಸಿದಳು. ಬಂದವರಿಗೆಲ್ಲ ತಾನೇ ಕರೆದು, "ಹೊರಗಾಗ್ಯಾಳ್ರಿ," ಎಂದು ಹೇಳಿದಳು. ನನ್ನ ಮೈಯನ್ನು ಸಾಕ್ಷಿಗೆ ಕೂಡಿಸಿದಂತಾಗಿತ್ತು. ನಾಚಿಕೆಗಿಂತ ಸಿಟ್ಟು ಹೆಚ್ಚಾಗಿತ್ತು, ಆದರೆ ಉಪವಾಸದ ಹೊಟ್ಟೆಯಲ್ಲಿ ಸಿಟ್ಟಿಗೂ ಬಲ ಇರುವುದಿಲ್ಲ.

ಯುಗಾದಿ ಕಳೆದ ಮೇಲೆ ಮತ್ತೆ ಹೋದೆವು. ಅದೇ ಮೆಟ್ಟಿಲು, ಅದೇ ಹೆಂಗಸರು. ಅವ್ವ ಮಾತು ಹಗುರ ಮಾಡಲೆಂದು, "ಎಮ್ಮಿ ಹೆಂಗೈತ್ರಿ ಅಕ್ಕಾರ? ಕರಾ ಹಾಕ್ತೇನ್ರಿ?" ಎಂದು ಕೇಳಿದಳು.

"ಮಾರಿದ್ವಿರಿ. ಹಿರೇಕೆರೂರ ಸಂತ್ಯಾಗ ಛಲೋ ಗಿರಾಕಿ ಬಂತು," ಎಂದಳು ಆಕೆ, ಕಣ್ಣು ಮಿಟುಕಿಸದೆ.

ಆ ಎಮ್ಮೆಯ ತಲೆಯನ್ನು ನಾನು ಹೊಳೆಯಲ್ಲಿ ಕಂಡಿದ್ದೆ. ಆದರೂ, ಮನೆಯ ಸಾವು ಮುಚ್ಚಿಡಲು ಆಡಿದ ಸುಳ್ಳಿರಬಹುದು ಎಂದು ಇನ್ನೂ ಮನಸ್ಸು ಆಕೆಯ ಪರ ವಾದಿಸಿತು. ಅತ್ತೆಯಾಗುವವಳು ಒಳ್ಳೆಯವಳಿರಲಿ ಎಂದು ಯಾವ ಹುಡುಗಿಗೆ ಅನಿಸುವುದಿಲ್ಲ?

ಎಲೆ ಹಿಡಿದೆ. ಈ ಸಲ ಹಿಡಿಯುವುದಕ್ಕೂ ಪುರುಸೊತ್ತು ಕೊಡಲಿಲ್ಲ. ಎಮ್ಮೆ ಮುಗಿದಿತ್ತು, ಮೀನು ಹಸಿದಿದ್ದವು. ಒಂದರ ಮೇಲೊಂದು ಏರಿ ಬಂದವು. ದಪ್ಪ ತುಟಿ ಪತ್ರಾವಳಿಯ ಅಂಚಿಗೆ ಒತ್ತಿ ಚಪ್ ಚಪ್ ಎಂದು ಹೀರಿದವು. ಮೀಸೆ ನನ್ನ ಬೆರಳಿಗೆ ತಾಗಿತು, ಲೋಳೆ ಮಣಿಕಟ್ಟಿನವರೆಗೆ ಹತ್ತಿತು. ಮೆಟ್ಟಿಲ ಮೇಲೆ ಹೆಂಗಸರು, "ಬಂದ್ವು, ಬಂದ್ವು! ಹೊಳೆವ್ವ ಒಪ್ಪಿದ್ಲು!" ಎಂದು ಕೈಮುಗಿದರು. ಅವ್ವ ಗಳಗಳನೆ ಅತ್ತುಬಿಟ್ಟಳು.

ಉಳಿದ ಬುತ್ತಿ ನೀರು ಕುಡಿದು, ಎಂಜಲಿನ ಲೋಳೆ ಸೇರಿ, ಎಳೆ ಎಳೆಯಾಗಿತ್ತು. ಮುದುಕಿ ಅದನ್ನು ಮೂರು ಪಾಲು ಮಾಡಿ ಮೂವರ ಅಂಗೈಗೆ ಹಾಕಿದಳು. ಅವ್ವ ಕಣ್ಣು ಮುಚ್ಚಿ, ಕೈಯನ್ನು ಹಣೆಗೆ ಒತ್ತಿ, ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡಳು. ಅಂಗೈ ನೆಕ್ಕಿದಳು. ಅವಳ ಮುಖದಲ್ಲಿ ಒಂದು ತಿಂಗಳಿಂದ ಕಾಣದಿದ್ದ ಕಳೆ ಬಂತು.

ನಾನು ನನ್ನ ಪಾಲನ್ನು ಅಂಗೈಯಲ್ಲೇ ಹಿಡಿದು ಅತ್ತೆಯ ಕಡೆ ನೋಡಿದೆ. ಆಕೆಯೂ ಕೈಯನ್ನು ಹಣೆಗೆ ಒತ್ತಿದಳು, ಬಾಯಿಯ ಹತ್ತಿರ ತಂದಳು. ಆಮೇಲೆ ಯಾರೂ ನೋಡುತ್ತಿಲ್ಲವೆಂದು ತಿಳಿದು, ಮೂಗು ಸಣ್ಣಗೆ ಸೊಟ್ಟ ಮಾಡಿ, ಬುತ್ತಿಯನ್ನು ಸೆರಗಿನ ತುದಿಗೆ ಸುತ್ತಿಕೊಂಡಳು.

ಆ ಮೂಗು ಸೊಟ್ಟವಾದದ್ದು ನನಗೆ ಎಲ್ಲವನ್ನೂ ಹೇಳಿತು. ಆಕೆಗೆ ಗೊತ್ತಿತ್ತು. ಮೀನು ಏನು ತಿಂದಿತ್ತೆಂದು ಗೊತ್ತಿತ್ತು, ಮೊದಲ ದಿನವೇ ಗೊತ್ತಿತ್ತು. ತನ್ನ ಮನೆಯ ಅಪಶಕುನ ಮುಚ್ಚಲು ನನ್ನ ಹೊಟ್ಟೆಯನ್ನು ಊರಿನ ಬಾಯಿಗೆ ಹಾಕಿ, ತಿಂಗಳಿಡೀ ಆರಾಮಾಗಿ ಉಂಡುಟ್ಟು ಕುಳಿತಿದ್ದಳು.

"ಅತ್ತಿಯವ್ರ," ಎಂದೆ. "ಸೆರಗಿನ್ಯಾಗಿಂದು ತಿನ್ರಿ."

ಎಲ್ಲರೂ ತಿರುಗಿದರು. ಆಕೆಯ ಮುಖ ಕೆಂಪಾಯಿತು. "ಮನ್ಯಾಗ ಹಿರ್ಯಾರು ಅದಾರ, ಅವರಿಗೆ ಒಯ್ತೇನಿ."

"ಹಿರ್ಯಾರಿಗೆ ನನ್ನ ಪಾಲು ಕೊಡ್ತೇನ್ರಿ. ನೀವು ನಿಮ್ದು ಇಲ್ಲೇ ತಿನ್ರಿ. ತಿಂದ್ರ ಈಗ ನಿಮ್ಮ ಮನಿಗೆ ಬರ್ತೇನಿ. ಇಲ್ಲಂದ್ರ ಇಲ್ಲ."

"ಏ ಹುಚ್ಚಿ!" ಅವ್ವ ನನ್ನ ರಟ್ಟೆ ಹಿಡಿದಳು. ಉಗುರು ಇಳಿಯಿತು.

ಆಕೆ ಸೆರಗು ಬಿಚ್ಚಿದಳು. ಬುತ್ತಿಯನ್ನು ನೋಡಿದಳು, ನನ್ನನ್ನು ನೋಡಿದಳು. ನನಗೆ ಗೊತ್ತಿದೆ ಎಂದು ಆಗ ಆಕೆಗೆ ತಿಳಿಯಿತು. ಒಂದು ಅಗುಳನ್ನು ತುಟಿಯವರೆಗೆ ಒಯ್ದಳು, ಗಂಟಲು ಎದ್ದು ಬಂತು, ಕೈ ಇಳಿಯಿತು. ಊರಿನ ಹೆಂಗಸರ ಎದುರಿಗೆ, ಇಷ್ಟು ವರ್ಷ ಊರ ಸೊಸೆಯಂದಿರೆಲ್ಲ ತಿಂದದ್ದನ್ನು ತಾನು ತಿನ್ನಲಾರದೆ ನಿಂತಳು. ನಾನು ನನ್ನ ಪಾಲನ್ನು ಹೊಳೆಗೆ ಜಾಡಿಸಿ, ಮಣ್ಣು ಹಚ್ಚಿ ಕೈ ತೊಳೆದು, ಚಕ್ಕಡಿ ಹತ್ತಿದೆ.

ಸಂಬಂಧ ಮುರಿಯಿತು. ಮೀನು ಒಪ್ಪಿದರೂ ಒಲ್ಲೆನೆಂದ ಹುಡುಗಿ ಎಂದು ಹೆಸರಾಯಿತು. ಆಮೇಲೆ ಕೇಳಿ ಬಂದದ್ದು ಹಿರೇಕೆರೂರ ಕಡೆಯ ಎರಡನೇ ಸಂಬಂಧದ ವರ ಮಾತ್ರ, ಹೆಂಡತಿ ಸತ್ತವರು. ಒಣಬೇಸಾಯದ ಮನೆ, ಹತ್ತಿರ ಹೊಳೆ ಇಲ್ಲ ಎಂಬುದೊಂದೇ ನನಗೆ ಹಿಡಿಸಿತು. ಈಗ ಆ ಮೀನು ಎಲ್ಲಿಯೂ ಕಾಣುವುದಿಲ್ಲವಂತೆ, ಅಣೆಕಟ್ಟು ಕಟ್ಟಿ ದಾರಿ ಮುಚ್ಚಿದರಂತೆ, ಮದ್ದು ಹಾಕಿ ಮಡು ಬರಿದು ಮಾಡಿದರಂತೆ. ಪಾಪ, ಅದು ಸಿಕ್ಕಿದ್ದನ್ನು ತಿಂದಿತು, ಅದರದೇನು ತಪ್ಪು? ಹಾಗೆಂದು ನನ್ನ ಹೇಸಿಕೆಯೇನೂ ಹೋಗಿಲ್ಲ.

ಅವ್ವ ಸಾಯುವವರೆಗೂ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. "ಬಂಗಾರದಂಥಾ ಮನಿ, ಸೊಕ್ಕಿಗೆ ಕಳಕೊಂಡಿ. ಯಾಕ ಹಂಗ ಮಾಡಿದಿ, ಅದನ್ನರೆ ಹೇಳು," ಎಂದು ಕೊನೆಯ ಬೇನೆಯಲ್ಲೂ ಕೇಳಿದಳು. ಆ ಸತ್ತ ಎಮ್ಮೆ ಯಾರದೆಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ನಾನು ನಿರಪರಾಧಿಯಾಗುತ್ತಿದ್ದೆ, ಅವಳು ನನ್ನ ತಲೆ ಸವರುತ್ತಿದ್ದಳು. ಆದರೆ ಅವಳು ಕಣ್ಣು ಮುಚ್ಚಿ ತಿಂದಿದ್ದಳು, ಅಂಗೈ ನೆಕ್ಕಿದ್ದಳು. "ಸೊಕ್ಕ ಬೇ ಅವ್ವಾ," ಎಂದೆ.